ಎಯು ಓದುಗರಿಗೆ ಎಓ3: ಟ್ಯಾಗೇ ಇಲ್ಲಿ ಬೀಗದ ಕೈ

ಯುದ್ಧದಲ್ಲಿ ಸತ್ತ ಗುರು ಸಾಯದೇ ಉಳಿದಿದ್ದರೆ ಮುಂದಿನ ಕಥೆ ಏನಾಗುತ್ತಿತ್ತು? ಮೂಲಕಥೆಯನ್ನು ಬದಲಿಸಿ ಅಭಿಮಾನಿಗಳು ಹೀಗೆ ಬರೆಯುವುದು ಒಂದು ಬಗೆಯ ಎಯು. ಅದೇ ಗುರು ಕತ್ತಿ, ಮಂತ್ರ ಎಲ್ಲ ಬಿಟ್ಟು ಕಾಫಿ ಅಂಗಡಿ ನಡೆಸುತ್ತಿದ್ದರೆ? ಅದು ಇನ್ನೊಂದು. ಎರಡಕ್ಕೂ ಆಲ್ಟರ್ನೇಟ್ ಯೂನಿವರ್ಸ್ ಎಂದೇ ಹೆಸರು, ಆದರೆ ಓದುವ ಹಸಿವು ಬೇರೆ ಬೇರೆ. ಇವೆರಡನ್ನೂ ಬೇರ್ಪಡಿಸಿ ಹುಡುಕಲು ಆರ್ಕೈವ್ ಆಫ್ ಅವರ್ ಓನ್, ಅಂದರೆ ಎಓ3 ಎಂಬ ಅಭಿಮಾನಿ ಕಥೆಗಳ (ಫ್ಯಾನ್ ಫಿಕ್ಷನ್) ತಾಣ, ಬಹಳ ಒಳ್ಳೆಯದು. ಅದರ ಫಿಲ್ಟರ್ ಹೇಗೆ ಕೆಲಸ ಮಾಡುತ್ತದೆಂದು ಮೊದಲು ತಿಳಿದಿರಬೇಕು, ಅಷ್ಟೆ.

2007ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆಯೊಂದು ಇದನ್ನು ನಡೆಸುತ್ತದೆ. ತಾಣ ಎಲ್ಲರಿಗೂ ತೆರೆದುಕೊಂಡದ್ದು 2009ರಲ್ಲಿ. ಜಾಹೀರಾತಿಲ್ಲ, ಶುಲ್ಕವಿಲ್ಲ, ಖರ್ಚೆಲ್ಲ ದೇಣಿಗೆಯಿಂದ. 2019ರಲ್ಲಿ ಹ್ಯೂಗೋ ಪ್ರಶಸ್ತಿಯೂ ಬಂದಿದೆ. ಓದಲು ಖಾತೆ ಬೇಡ, ಆದರೆ ಲೇಖಕರು ಸದಸ್ಯರಿಗೆ ಮಾತ್ರ ಎಂದು ಇಟ್ಟ ಕಥೆಗಳು ಲಾಗಿನ್ ಆಗದಿದ್ದರೆ ಕಾಣುವುದಿಲ್ಲ. ಖಾತೆಗೆ ಆಹ್ವಾನದ ಸರದಿಯಲ್ಲಿ ಕಾಯಬೇಕು.

ನಿಜವಾದ ಬಂಡವಾಳ ಇರುವುದು ಟ್ಯಾಗ್‌ನಲ್ಲಿ. ಲೇಖಕರು ತಮಗೆ ತೋಚಿದಂತೆ ಟ್ಯಾಗ್ ಬರೆಯಬಹುದು. ಒಂದೇ ಅರ್ಥದ ಹತ್ತು ಬಗೆಯ ಟ್ಯಾಗ್‌ಗಳನ್ನು ಸ್ವಯಂಸೇವಕರು ಒಂದು ಪ್ರಮಾಣಿತ ಟ್ಯಾಗ್‌ಗೆ ಜೋಡಿಸುತ್ತಾರೆ. ಹಾಗಾಗಿ ಯಾರು ಹೇಗೆ ಬರೆದರೂ ಕಾಫಿ ಅಂಗಡಿಯ ಕಥೆಗಳು ಒಂದೇ ಕಡೆ ಸಿಗುತ್ತವೆ. ಯಂತ್ರಕ್ಕೆ ಬಿಡದೆ ಮನುಷ್ಯರೇ ಕೂತು ಮಾಡುವ ಈ ಕೆಲಸಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆ.

ಎಡವುವುದು ಫಿಲ್ಟರ್‌ನಲ್ಲಿ. 'ಆಲ್ಟರ್ನೇಟ್ ಯೂನಿವರ್ಸ್' ಎಂಬುದು ಕೊಡೆಯಂಥ ಟ್ಯಾಗ್. ಮಾಡರ್ನ್ ಸೆಟ್ಟಿಂಗ್ (ಇಂದಿನ ಲೋಕ), ಸೋಲ್‌ಮೇಟ್ಸ್ (ವಿಧಿ ಬೆಸೆದ ಜೋಡಿಗಳು), ಕ್ಯಾನನ್ ಡೈವರ್ಜೆನ್ಸ್ (ಮೂಲಕಥೆಯಿಂದ ಒಂದು ಹಂತದಲ್ಲಿ ಕವಲೊಡೆಯುವುದು) ಎಲ್ಲವೂ ಅದರಡಿ ಬರುತ್ತವೆ. ಕಾಫಿ ಅಂಗಡಿ ಬೇಡವೆಂದು ಎಕ್ಸ್‌ಕ್ಲೂಡ್‌ನಲ್ಲಿ ಕೊಡೆಯನ್ನೇ ಹಾಕಿದರೆ, ಬೇಕಿದ್ದ ಡೈವರ್ಜೆನ್ಸ್ ಕಥೆಗಳೂ ಮಾಯ. ಸರಿಯಾದ ದಾರಿ: ಇನ್‌ಕ್ಲೂಡ್‌ನಲ್ಲಿ ಕ್ಯಾನನ್ ಡೈವರ್ಜೆನ್ಸ್, ಎಕ್ಸ್‌ಕ್ಲೂಡ್‌ನಲ್ಲಿ ಕಾಫಿ ಅಂಗಡಿಯ ಟ್ಯಾಗ್ ಮಾತ್ರ. ಇನ್‌ಕ್ಲೂಡ್‌ನಲ್ಲಿ ಎರಡು ಟ್ಯಾಗ್ ಹಾಕಿದರೆ ಎರಡೂ ಇರುವ ಕಥೆಗಳಷ್ಟೇ ಬರುತ್ತವೆ. ಎಕ್ಸ್‌ಕ್ಲೂಡ್‌ನಲ್ಲಿ ಹಾಗಲ್ಲ, ಯಾವುದಾದರೂ ಒಂದಿದ್ದರೂ ಕಥೆ ಹೊರಗೆ.

ಫ್ಯೂಷನ್ ಕಥೆಗಳದ್ದು ಇನ್ನೊಂದು ಪೇಚು. ಒಂದು ಕಥೆಯ ಪಾತ್ರಗಳನ್ನು ಇನ್ನೊಂದು ಕಥೆಯ ಲೋಕದ ನಿಯಮಗಳೊಳಗೆ ಇಡುವುದು ಫ್ಯೂಷನ್, ಎರಡೂ ಕಡೆಯ ಪಾತ್ರಗಳು ಎದುರಾಗುವುದು ಕ್ರಾಸ್‌ಓವರ್. ಫ್ಯೂಷನ್ ಬರೆದವರು ಎರಡೂ ಫ್ಯಾಂಡಮ್ (ಮೂಲಕೃತಿಯ ಹೆಸರು) ನಮೂದಿಸಿದ್ದರೆ, ಕ್ರಾಸ್‌ಓವರ್ ಬೇಡ ಎಂದು ಗುರುತು ಹಾಕಿದಾಗ ಅದೂ ಉದುರಿಹೋಗುತ್ತದೆ.

ಕೂಡೋಸ್ (ಓದುಗರು ಒತ್ತುವ ಮೆಚ್ಚುಗೆ) ಪ್ರಕಾರ ಜೋಡಿಸಿದರೆ ಹಳೆಯ ಕಥೆಗಳದ್ದೇ ಮೇಲುಗೈ. ಒಬ್ಬರು ಒಂದು ಕಥೆಗೆ ಒಂದೇ ಕೂಡೋಸ್ ಕೊಡಬಹುದು, ಅಧ್ಯಾಯ ಐವತ್ತಿರಲಿ, ಒಂದಿರಲಿ. ಹೊಸ ಲೋಕವನ್ನೇ ಕಟ್ಟುವ ಉದ್ದದ ಎಯು ಬೇಕಿದ್ದರೆ ಬುಕ್‌ಮಾರ್ಕ್ ಪ್ರಕಾರ ಜೋಡಿಸಿ, ಪದಸಂಖ್ಯೆಯಲ್ಲಿ ಕನಿಷ್ಠ 20,000 ಹಾಕಿ, 'ಕಂಪ್ಲೀಟ್' ಆಯ್ದುಕೊಳ್ಳುವುದು ಮೇಲು. ಕಾಫಿ ಅಂಗಡಿಗೆ 5,000 ಪದ ಧಾರಾಳ ಸಾಕು.

ಕಥೆಯಲ್ಲಿ ಹಿಂಸೆ, ಸಾವಿನಂಥದ್ದು ಇದೆಯೇ ಎಂದು ತಿಳಿಸುವ ಎಚ್ಚರಿಕೆಯ ಸಾಲನ್ನು ತಪ್ಪು ಓದುವವರು ಬಹಳ. 'ಲೇಖಕರು ಎಚ್ಚರಿಕೆ ಬಳಸದಿರಲು ಆಯ್ದುಕೊಂಡಿದ್ದಾರೆ' ಎಂದರೆ ಅಪಾಯವಿಲ್ಲ ಎಂದಲ್ಲ, ಒಳಗೆ ಏನು ಬೇಕಾದರೂ ಇರಬಹುದು ಎಂದು.

ಬರೆಯುವವರಿಗೆ: ಫ್ಯಾಂಡಮ್, ಜೋಡಿ, ಪಾತ್ರ, ಇತರೆ ಎಲ್ಲ ಸೇರಿ 75 ಟ್ಯಾಗ್ ಮಿತಿ. ಟ್ಯಾಗ್ ಒಳಗೆ ಅಲ್ಪವಿರಾಮ ಹಾಕಿದರೆ ಅದು ಎರಡು ಟ್ಯಾಗ್ ಆಗಿ ಒಡೆಯುತ್ತದೆ. ತಾನಾಗಿ ತೋರುವ ಪಟ್ಟಿಯಿಂದಲೇ ಎಯು ಟ್ಯಾಗ್ ಆರಿಸಿ, 'ಇತರೆ'ಯಲ್ಲಿ ಮೊದಲಿಗೆ ಇಡಿ. ಮೂಲಕಥೆಯಿಂದ ಎಲ್ಲಿ ಕವಲೊಡೆದಿದೆ ಎಂಬುದು ಸಾರಾಂಶದ ಮೊದಲ ವಾಕ್ಯದಲ್ಲೇ ಬರಲಿ. ಕರಡುಗಳು ಸುಮಾರು ಒಂದು ತಿಂಗಳಲ್ಲಿ ತಾವಾಗಿ ಅಳಿಯುತ್ತವೆ, ಆದ್ದರಿಂದ ಒಂದು ಪ್ರತಿ ಬೇರೆ ಕಡೆ ಇರಲೇಬೇಕು.

ಇಷ್ಟವಾದ ಕಥೆಯನ್ನು ಇಪಬ್, ಪಿಡಿಎಫ್ ಸೇರಿ ಐದು ರೂಪಗಳಲ್ಲಿ ಇಳಿಸಿಕೊಳ್ಳಬಹುದು. ಲೇಖಕರು ಯಾವಾಗ ಬೇಕಾದರೂ ಕಥೆ ಅಳಿಸಬಹುದಾದ್ದರಿಂದ ಇಳಿಸಿಟ್ಟುಕೊಳ್ಳುವುದೇ ಒಳಿತು. ಮುಂದುವರಿಯುತ್ತಿರುವ ಕಥೆಯಾದರೆ, ಹೊಸ ಅಧ್ಯಾಯ ಬಂದಾಗ ಮತ್ತೆ ಇಳಿಸಬೇಕು.