ಕಹಮಾರ್ಕಾ ಕಾರ್ನಿವಲ್: ಬಣ್ಣ ಒರೆಸಲು ಬರುವವರ ಬಗ್ಗೆ ಎಚ್ಚರ

ಪೆರು ದೇಶದ ಉತ್ತರದ ಆಂಡಿಸ್ ಪರ್ವತಗಳಲ್ಲಿ, ಸುಮಾರು 2,750 ಮೀಟರ್ ಎತ್ತರದಲ್ಲಿರುವ ಕಹಮಾರ್ಕಾ ಪಟ್ಟಣಕ್ಕೆ ಕಾರ್ನಿವಲ್ ಸಮಯದಲ್ಲಿ ಹೋಗಬೇಕೆಂದಿರುವವರು ಇದನ್ನು ಓದಿ ಹೊರಡಬೇಕೆಂದು ವಿನಂತಿಸುತ್ತೇನೆ. ಅಲ್ಲಿ ನಮ್ಮ ಜೊತೆಗಿದ್ದ ಅತ್ತಿಗೆಯವರ ಪಾಸ್‌ಪೋರ್ಟ್, ಫೋನು, ಹಣ ಎಲ್ಲವೂ ಹಾಡುಹಗಲೇ ಕಳುವಾದವು.

ಕ್ರೈಸ್ತರ ಉಪವಾಸದ ಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ಶನಿವಾರ, ಹಬ್ಬದ ರಾಜನಾದ ನ್ಯೋ ಕಾರ್ನಾವಲೋನ್‌ನ ಪ್ರತಿಕೃತಿ ಊರನ್ನು ಪ್ರವೇಶಿಸುತ್ತದೆ. ಅಂದು ಊರಿಗೆ ಊರೇ ಬೀದಿಗಿಳಿದು ಬಣ್ಣ ಎರಚುತ್ತದೆ, ಉಪ್ಪರಿಗೆಗಳಿಂದ ಬಕೆಟ್ಟುಗಟ್ಟಲೆ ನೀರು ಸುರಿಯುತ್ತದೆ. ಬಾಗಲಕೋಟೆಯ ಹೋಳಿಯನ್ನು ಕಂಡವರಿಗೆ ಈ ಗದ್ದಲ ಹೊಸದೆನಿಸದು. ಆದರೆ ಇಲ್ಲಿ ಎರಚುವುದು ನೀರಿನಲ್ಲಿ ಕಲಸಿದ ಪೇಂಟ್, ಅದು ಕಣ್ಣಿಗೆ ಬಿದ್ದರೆ ಸ್ವಲ್ಪ ಹೊತ್ತು ಏನೂ ಕಾಣಿಸುವುದಿಲ್ಲ. ಕಳ್ಳರಿಗೆ ಬೇಕಾದದ್ದು ಅಷ್ಟೇ ಹೊತ್ತು.

ಮಾರುಕಟ್ಟೆಯ ಪಕ್ಕದ ಇಕ್ಕಟ್ಟಾದ ಬೀದಿಯಲ್ಲಿ ಒಬ್ಬ ಹುಡುಗ ಅತ್ತಿಗೆಯವರ ಮುಖಕ್ಕೇ ಗುರಿಯಿಟ್ಟು ಪೇಂಟ್ ಎರಚಿದ. ಮರುಕ್ಷಣವೇ ಇಬ್ಬರು ಹೆಂಗಸರು ಬಟ್ಟೆ ಹಿಡಿದು ಬಂದು, ಮರುಕದ ಮಾತಾಡುತ್ತಾ ಅವರ ಕಣ್ಣು, ಕೂದಲು, ಭುಜ ಒರೆಸತೊಡಗಿದರು; ಒಬ್ಬಾಕೆ ಅವರ ಎರಡೂ ಕೈಗಳನ್ನು ಹಿಡಿದು ಬಣ್ಣ ತೊಳೆಯುವಂತೆ ನೀರು ಹಾಕುತ್ತಿದ್ದಾಗ, ಹಿಂದಿನಿಂದ ಇನ್ಯಾರೋ ಎದೆಯ ಮೇಲಿದ್ದ ಚೀಲದ ಪಟ್ಟಿಯನ್ನು ಕತ್ತರಿಸಿಕೊಂಡು ಹೋದರು. ನಾವು ಕೂಗುವಷ್ಟರಲ್ಲಿ ಒರೆಸುತ್ತಿದ್ದವರೂ ಜನರೊಳಗೆ ಕರಗಿಹೋಗಿದ್ದರು. ಆ ಊರಿನವರೆಲ್ಲ ಹೀಗೆಂದು ಯಾರೂ ತಿಳಿಯಬಾರದು: ಚೀಸ್ ಮಾರುತ್ತಿದ್ದ ಅಜ್ಜಿಯೊಬ್ಬರು ತಮ್ಮ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ಪೊಲೀಸ್ ಠಾಣೆಯವರೆಗೂ ನಮ್ಮೊಡನೆ ನಡೆದು ಬಂದು, ನಡೆದದ್ದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ವಿವರಿಸಿದರು.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಭಾರತದ ರಾಯಭಾರ ಕಚೇರಿ ಇರುವುದು ಲಿಮಾದಲ್ಲಿ, ರಸ್ತೆಯಲ್ಲಿ ಸುಮಾರು 850 ಕಿಲೋಮೀಟರ್ ದೂರ. ಹಬ್ಬದ ದಿನಗಳಲ್ಲಿ ಬಸ್ ಸೀಟು ಸಿಗುವುದು ಕಷ್ಟ, ಜೊತೆಗೆ ಫೆಬ್ರುವರಿ ಅಲ್ಲಿ ಮಳೆಗಾಲವಾದ್ದರಿಂದ ಬೆಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುವ ಭಯ. ಅಮೆರಿಕದಲ್ಲಿ ಕೆಲಸಕ್ಕಿರುವ ನಮ್ಮವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಕನಿಷ್ಠ ಆರು ತಿಂಗಳ ಅವಧಿ ಉಳಿದಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರು ಪೆರುವಿನ ವೀಸಾ ಇಲ್ಲದೆಯೇ ಪ್ರವಾಸಕ್ಕೆ ಹೋಗಬಹುದಾದರೂ, ಪಾಸ್‌ಪೋರ್ಟ್ ಹೋದರೆ ಅದರೊಳಗಿನ ಆ ವೀಸಾವೂ ಹೋದಂತೆಯೇ. ರಾಯಭಾರ ಕಚೇರಿ ಕೊಡುವ ತುರ್ತು ಪ್ರಮಾಣಪತ್ರದಿಂದ ಭಾರತಕ್ಕೆ ಮಾತ್ರ ಮರಳಬಹುದು. ಅಮೆರಿಕಕ್ಕೆ ಹಿಂದಿರುಗಲು ಹೊಸ ಪಾಸ್‌ಪೋರ್ಟ್, ಅದರ ಮೇಲೆ ಹೊಸ ವೀಸಾ ಎರಡೂ ಬೇಕು. ಅತ್ತಿಗೆಯವರಿಗೆ ಆದದ್ದು ಅದೇ.

ಆದ್ದರಿಂದ ಬಣ್ಣದಾಟದ ದಿನ ಬೀದಿಗಿಳಿಯುವಾಗ ಪಾಸ್‌ಪೋರ್ಟನ್ನು ವಸತಿಗೃಹದ ಲಾಕರಿನಲ್ಲಿಟ್ಟು, ಅದರ ಪ್ರತಿಯನ್ನಷ್ಟೇ ಒಯ್ಯಿರಿ. ಸ್ವಲ್ಪ ಹಣವನ್ನು ಒಳಜೇಬಿನಲ್ಲಿಟ್ಟುಕೊಳ್ಳಿ, ಚೀಲವೇ ಬೇಡ. ಯಾರಾದರೂ ಬಣ್ಣ ಎರಚಿದರೆ ಒರೆಸಿಕೊಳ್ಳಲು ನಿಲ್ಲದೆ, ನಿಮ್ಮವರ ಕೈ ಹಿಡಿದು ಹತ್ತಿರದ ಅಂಗಡಿಯೊಳಗೆ ಹೋಗಿ. ಒರೆಸಲು ಬರುವವರು ಎಷ್ಟೇ ವಯಸ್ಸಾದವರಾಗಿರಲಿ, ಎಷ್ಟೇ ಮೃದುವಾಗಿ ಮಾತಾಡಲಿ, ಮೈಮುಟ್ಟಲು ಬಿಡಬೇಡಿ. ಕಳುವಾದರೆ ಪೊಲೀಸರ ಸಂಖ್ಯೆ 105ಕ್ಕೆ ಕರೆಮಾಡಿ. ಪೊಲೀಸ್ ದೂರಿನ ಪ್ರತಿಯಿಲ್ಲದೆ ಹೊಸ ಪಾಸ್‌ಪೋರ್ಟಿನ ಅರ್ಜಿ ಮುಂದೆ ಸಾಗುವುದಿಲ್ಲ. 2027ರಲ್ಲಿ ಬೂದಿ ಬುಧವಾರ ಫೆಬ್ರುವರಿ 10ರಂದು ಬರುತ್ತದೆ, ಅಂದರೆ ಬಣ್ಣದ ಶನಿವಾರ ಫೆಬ್ರುವರಿ 6.