ವಾರಕ್ಕೆ ಎರಡು ದಿನದ ಬಿ.ಇ. ಸಿವಿಲ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ

ಡಿಪ್ಲೊಮಾ ಮುಗಿಸಿ ಕಲಬುರಗಿ, ಬೀದರ್, ಯಾದಗಿರಿ ಕಡೆ ಸೈಟ್ ಮೇಲೆ ದುಡಿಯುತ್ತಿರುವ ತಮ್ಮಂದಿರು, ತಂಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. "ಕೆಲಸ ಬಿಡೋದು ಬ್ಯಾಡ, ಶನಿವಾರ ಭಾನುವಾರ ಬಂದ್ರ ಸಾಕು, ಮೂರು ವರ್ಷಕ್ಕ ಬಿ.ಇ. ಸಿವಿಲ್ ಕೈಗೆ ಬರ್ತದ" ಅಂತ ಯಾರಾದರೂ ಹೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು 1,65,000 ರೂಪಾಯಿ ಕೊಟ್ಟೆ. ಮೊದಲ ಕಂತಿನ 60,000ದಲ್ಲಿ ಬಹುಪಾಲು ಅಪ್ಪ ಆ ವರ್ಷ ಮಾರಿದ ಹನ್ನೆರಡು ಕ್ವಿಂಟಲ್ ತೊಗರಿಯ ದುಡ್ಡು.

2015ರಲ್ಲಿ ನನ್ನ ಡಿಪ್ಲೊಮಾ ಮುಗಿಯಿತು. ಮನೆಯಲ್ಲಿ ಇಬ್ಬರು ತಂಗಿಯರಿದ್ದರು, ಮುಂದೆ ಓದುತ್ತೇನೆ ಅನ್ನಲು ಬಾಯಿ ಬರಲಿಲ್ಲ. ಕಲಬುರಗಿಯ ಒಬ್ಬ ಗುತ್ತಿಗೆದಾರರ ಬಳಿ ಸೂಪರ್‌ವೈಸರ್ ಆಗಿ ಸೇರಿದೆ. ಕೆಲಸ ನನಗೆ ಇಷ್ಟವಾಗಿತ್ತು. ಸ್ಲ್ಯಾಬ್ ಹಾಕುವ ದಿನ ಆರು ಕ್ಯೂಬ್, ಅಂದರೆ ಗಟ್ಟಿತನ ಪರೀಕ್ಷಿಸಲು ಅದೇ ಕಾಂಕ್ರೀಟಿನ ಘನಗಳು, ತುಂಬೋದು ನನ್ನ ಜವಾಬ್ದಾರಿ. ನೂರೈವತ್ತು ಮಿಲಿಮೀಟರಿನ ಅಚ್ಚು, ಮೂರು ಪದರ, ಪದರಕ್ಕೆ ಮೂವತ್ತೈದು ಪೆಟ್ಟು. ಮರುದಿನ ಅಚ್ಚು ಬಿಚ್ಚಿ, ತಾರೀಖು ಬರೆದು, ನೀರಿನ ಡ್ರಮ್ಮಿಗೆ ಇಳಿಸುತ್ತಿದ್ದೆ. ನಮ್ಮ ಕಡೆ ಮೇ ತಿಂಗಳಲ್ಲಿ ಡ್ರಮ್ಮಿನ ನೀರೂ ಸುಡುತ್ತದೆ. ಅದಕ್ಕೇ ನೆರಳಿಗೆ ಎಳೆದಿಟ್ಟು, ಮೇಲೆ ಹಸಿ ಗೋಣಿಚೀಲ ಹೊದಿಸುತ್ತಿದ್ದೆ. ಏಳು ದಿನಕ್ಕೆ ಮೂರು, ಇಪ್ಪತ್ತೆಂಟು ದಿನಕ್ಕೆ ಮೂರು ಕ್ಯೂಬ್ ಪರೀಕ್ಷೆಗೆ ಹೋಗುತ್ತಿದ್ದವು. ಆದರೆ ಡ್ರಾಯಿಂಗ್‌ನಲ್ಲಿ ಅಷ್ಟೇ ಕಬ್ಬಿಣದ ಸಳಿ ಯಾಕೆ, ಪಾಯ ಅಷ್ಟೇ ಆಳ ಯಾಕೆ ಅಂತ ಕೇಳಿದರೆ ಉತ್ತರ ಗೊತ್ತಿರಲಿಲ್ಲ. ಅದನ್ನು ತಿಳಿಯಬೇಕು ಅಂತಲೇ ಬಿ.ಇ. ಆಸೆ ಹುಟ್ಟಿದ್ದು. ಬರೀ ಸರ್ಟಿಫಿಕೇಟಿಗಾಗಿ ಹೋದವನಲ್ಲ ನಾನು, ಇದನ್ನು ನಂಬಿ.

2019ರ ಜನವರಿಯಲ್ಲಿ ಒಬ್ಬ ಗೆಳೆಯ ಒಂದು 'ಸ್ಟಡಿ ಸೆಂಟರ್'ಗೆ ಕರೆದುಕೊಂಡು ಹೋದ. ಮೊಬೈಲ್ ಅಂಗಡಿಯ ಮೇಲಿನ ಮಹಡಿ, ಎರಡು ಕೋಣೆ, ಗೋಡೆ ಮೇಲೆ ಹೊರರಾಜ್ಯದ ಒಂದು ವಿಶ್ವವಿದ್ಯಾಲಯದ ದೊಡ್ಡ ಫೋಟೊ. ಅಲ್ಲಿದ್ದವರು ಬಹಳ ಮರ್ಯಾದೆಯಿಂದ ಮಾತಾಡಿದರು, ಚಹಾ ತರಿಸಿದರು. ನನ್ನ ಅನುಮಾನಗಳಿಗೆಲ್ಲ ಅವರ ಬಳಿ ಉತ್ತರ ತಯಾರಿತ್ತು. "ಯುಜಿಸಿ ಪಟ್ಟಿಯಾಗ ನಮ್ಮ ಯೂನಿವರ್ಸಿಟಿ ಅದ, ನೀವೇ ನೋಡ್ರಿ." ಯುಜಿಸಿ ಅಂದರೆ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಕೇಂದ್ರದ ಆಯೋಗ. ನೋಡಿದೆ, ನಿಜಕ್ಕೂ ಇತ್ತು. "ಎಐಸಿಟಿಇ ಅನುಮತಿ ಯೂನಿವರ್ಸಿಟಿಗೆ ಬೇಕಾಗಿಲ್ರಿ, ಸುಪ್ರೀಂ ಕೋರ್ಟೇ ಹೇಳ್ಯದ." ಎಐಸಿಟಿಇ ಅಂದರೆ ತಾಂತ್ರಿಕ ಶಿಕ್ಷಣವನ್ನು ನೋಡಿಕೊಳ್ಳುವ ಕೇಂದ್ರದ ಮಂಡಳಿ. ಕಡೆಗೆ ದನಿ ತಗ್ಗಿಸಿ, "ಸರ್ಟಿಫಿಕೇಟ್ ಮ್ಯಾಲ ಡಿಸ್ಟೆನ್ಸ್ ಅಂತ ಎಲ್ಲೂ ಬರ್ಯಂಗಿಲ್ರಿ, ರೆಗ್ಯುಲರ್ ಅಂತನೇ ಬರ್ತದ." ನಾನು ಬಿದ್ದಿದ್ದು ಈ ಕೊನೆಯ ಮಾತಿಗೆ.

ಅವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಅದಕ್ಕೇ ಬಿಡಿಸಿ ಹೇಳುತ್ತೇನೆ. ವಿಶ್ವವಿದ್ಯಾಲಯವೊಂದು ತನ್ನಲ್ಲೇ ತಾಂತ್ರಿಕ ಕೋರ್ಸು ಆರಂಭಿಸಲು ಎಐಸಿಟಿಇಯ ಪೂರ್ವಾನುಮತಿ ಕಡ್ಡಾಯವಲ್ಲ ಅಂತ 2001ರಲ್ಲಿ, ಭಾರತಿದಾಸನ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಹೌದು. ಆದರೆ ಅದೇ ನ್ಯಾಯಾಲಯ 2017ರ ನವೆಂಬರ್ 3ರಂದು ಇನ್ನೊಂದು ತೀರ್ಪು ಕೊಟ್ಟಿದೆ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು (ವಿಶ್ವವಿದ್ಯಾಲಯದ ಸ್ಥಾನ ಪಡೆದ ಸಂಸ್ಥೆಗಳು) ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಪದವಿ ಕೊಟ್ಟಿದ್ದೇ ತಪ್ಪು ಅಂದಿತು. 2001ರಿಂದ 2005ರೊಳಗೆ ಸೇರಿದವರು ಎಐಸಿಟಿಇ ಪರೀಕ್ಷೆ ಬರೆದು ಪಾಸಾಗಬೇಕು, ಆಮೇಲೆ ಸೇರಿದವರ ಪದವಿಯೇ ರದ್ದು, ಅವರ ಶುಲ್ಕ ವಾಪಸ್ ಕೊಡಬೇಕು ಅಂತ ಆದೇಶಿಸಿತು. ನಾನು ಸೇರಿದ್ದು ಈ ತೀರ್ಪು ಬಂದು ವರ್ಷ ದಾಟಿದ ಮೇಲೆ. ಪೇಪರಿನಲ್ಲಿ ಬಂದಿತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಖಾಸಗಿ ವಿಶ್ವವಿದ್ಯಾಲಯ ತನ್ನ ರಾಜ್ಯದ ಹೊರಗೆ ಇಂಥ ಸ್ಟಡಿ ಸೆಂಟರ್ ನಡೆಸುವಂತೆಯೇ ಇಲ್ಲ ಅನ್ನೋದೂ ಆಮೇಲೆ ತಿಳಿಯಿತು. ಯುಜಿಸಿ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಿದೆ ಅಂದಮಾತ್ರಕ್ಕೆ ಮೊಬೈಲ್ ಅಂಗಡಿ ಮೇಲಿನ ಕೋಣೆಗೆ ಮಾನ್ಯತೆ ಬರುವುದಿಲ್ಲ.

ಮೂರು ವರ್ಷದಲ್ಲಿ ತರಗತಿ ಅಂತ ನಡೆದಿದ್ದು ಬೆರಳಲ್ಲಿ ಎಣಿಸುವಷ್ಟು. ಪರೀಕ್ಷೆ ಭಾನುವಾರ, ಒಂದು ಶಾಲೆಯ ಕೋಣೆಯಲ್ಲಿ. ಪುಸ್ತಕ ತೆರೆದಿಟ್ಟು ಬರೆಯಲು ಬಿಟ್ಟರು, ನಾನೂ ಬರೆದೆ. ಆ ತಪ್ಪು ನನ್ನದೇ, ಇನ್ನೊಬ್ಬರ ತಲೆಗೆ ಕಟ್ಟುವುದಿಲ್ಲ. ಪ್ರಯೋಗಾಲಯವಂತೂ ಒಂದು ದಿನವೂ ನೋಡಲಿಲ್ಲ. ಆದರೂ ಅಂಕಪಟ್ಟಿ ಬಂದಾಗ ಕಾಂಕ್ರೀಟ್ ಲ್ಯಾಬ್‌ಗೆ 50ಕ್ಕೆ 47, ಮಣ್ಣಿನ ಲ್ಯಾಬ್‌ಗೆ 44. ಆ 47ನ್ನು ನೋಡಿ ನನಗೆ ಸಂಕಟವಾಯಿತು. ಬಿಸಿಲಲ್ಲಿ ನಿಂತು ನೂರಾರು ಕ್ಯೂಬ್ ತುಂಬಿದ್ದೇನೆ, ಅದಕ್ಕೆ ಯಾರೂ ಅಂಕ ಕೊಟ್ಟಿರಲಿಲ್ಲ. ಮಾಡದೇ ಇದ್ದ ಪ್ರಯೋಗಕ್ಕೆ ಕೊಟ್ಟಿದ್ದರು.

ಮಣ್ಣಿನ 44ರ ಬೆಲೆ ಬೇರೆ ರೀತಿ ತಿಳಿಯಿತು. ನಮ್ಮದು ಎರೆಮಣ್ಣಿನ ನೆಲ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಒಂದು ಗೋದಾಮಿನ ಕಾಂಪೌಂಡ್ ಗೋಡೆ ಎರಡೇ ಮಳೆಗಾಲಕ್ಕೆ ಮೂಲೆಯಿಂದ ಸೀಳಿತು. ನೋಡಲು ಬಂದ ಡಿಸೈನರ್ ಸರ್, "ಪಾಯ ತೆಗೆಯೋಕ್ಕಿಂತ ಮೊದ್ಲ ಮಣ್ಣು ಪರೀಕ್ಷಾ ಮಾಡ್ಸಿದ್ರೇನು? ಉಬ್ಬೋ ಪ್ರಮಾಣ ಎಷ್ಟದ?" ಅಂತ ಕೇಳಿದರು. ಆಗಲೇ ನನ್ನ ಹೆಸರಿನ ಮುಂದೆ ಬಿ.ಇ. ಅಂತ ಬರೆಸಿಕೊಂಡಿದ್ದೆ. ಆ ಪರೀಕ್ಷೆ ಹೇಗೆ ಮಾಡುತ್ತಾರೆ ಅನ್ನೋದೇ ಗೊತ್ತಿರಲಿಲ್ಲ. ಅಲ್ಲಿ ಬಿರಿದಿದ್ದು ಗೋಡೆ, ಯಾರಿಗೂ ಪೆಟ್ಟಾಗಲಿಲ್ಲ. ಅದೇ ಮನೆಯಾಗಿದ್ದರೆ ಅಂತ ನೆನೆದರೆ ಈಗಲೂ ಎದೆ ನಡುಗುತ್ತದೆ.

2023ರಲ್ಲಿ ಒಂದು ಇಂಜಿನಿಯರ್ ಹುದ್ದೆಗೆ ಅರ್ಜಿ ಹಾಕಿದೆ. ಹೆಸರು ಪಟ್ಟಿಯಲ್ಲಿ ಬಂತು. 371(ಜೆ), ಅಂದರೆ ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದಡಿ ಸಿಗುವ ಮೀಸಲಾತಿಯ ಪ್ರಮಾಣಪತ್ರವೂ ಇತ್ತು. ನಮ್ಮ ಭಾಗದಲ್ಲಿ 'ಬಿ' ದರ್ಜೆಯ ಹುದ್ದೆಗಳಲ್ಲಿ ನೂರಕ್ಕೆ 75 ಸ್ಥಳೀಯರಿಗೇ ಮೀಸಲು. ಅವ್ವ ಶರಣಬಸವೇಶ್ವರರ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದಿದ್ದಳು. ದಾಖಲೆ ಪರಿಶೀಲನೆಗೆ ಕೂತಿದ್ದ ಮೇಡಂ ನನ್ನ ಪದವಿ ಪತ್ರವನ್ನೂ ಗುತ್ತಿಗೆದಾರರು ಕೊಟ್ಟ ಅನುಭವದ ಪತ್ರವನ್ನೂ ಒಂದರ ಪಕ್ಕ ಒಂದು ಇಟ್ಟರು. ಎರಡರ ತಾರೀಖಿನ ಮೇಲೂ ಬೆರಳಿಟ್ಟು ಕೇಳಿದರು:

"ಏನಪಾ, ಇದರಾಗ ಮೂರು ವರ್ಷ ನೀ ಕಲಬುರಗ್ಯಾಗ ಸೈಟ್ ಮ್ಯಾಲ ಇದ್ದಿ. ಇದರಾಗ ಅದೇ ಮೂರು ವರ್ಷ ಬ್ಯಾರೆ ರಾಜ್ಯದಾಗ ರೆಗ್ಯುಲರ್ ಕ್ಲಾಸಿನಾಗ ಇದ್ದಿ. ಯಾವುದು ಖರೆ?"

ರೆಗ್ಯುಲರ್ ಅಂದರೆ ಅನುಭವದ ಪತ್ರ ಸುಳ್ಳು, ಪಿಎಫ್ ಲೆಕ್ಕವೂ ಸುಳ್ಳು. ವಾರಕ್ಕೆರಡು ದಿನ ಹೋಗಿದ್ದೆ ಅಂದರೆ ಪದವಿಯೇ ನಿಲ್ಲುವುದಿಲ್ಲ. 'ಡಿಸ್ಟೆನ್ಸ್ ಅಂತ ಬರ್ಯಂಗಿಲ್ಲ' ಅಂತ ಅವರು ಕೊಟ್ಟ ಭರವಸೆಯೇ ನನ್ನ ಕೊರಳಿಗೆ ಸುತ್ತಿಕೊಂಡಿತ್ತು. ನಾನು ತಲೆ ತಗ್ಗಿಸಿ ನಿಜ ಹೇಳಿದೆ. ಆಯ್ಕೆ ಪಟ್ಟಿಯಿಂದ ಹೆಸರು ಹೋಯಿತು. ಬಿ.ಇ. ಇದೆಯಲ್ಲ ಅನ್ನುವ ಧೈರ್ಯದಲ್ಲಿ ಡಿಪ್ಲೊಮಾ ಮೇಲೆ ಸಿಗುವ ಜೂನಿಯರ್ ಇಂಜಿನಿಯರ್ ಹುದ್ದೆಗೆ ಅರ್ಜಿಯನ್ನೇ ಹಾಕಿರಲಿಲ್ಲ. ಅದೂ ಹೋಯಿತು.

ಸ್ಟಡಿ ಸೆಂಟರ್‌ಗೆ ಓಡಿದೆ. ಬೋರ್ಡ್ ಇರಲಿಲ್ಲ, ಬಾಗಿಲಿಗೆ ಬೀಗ. ಫೋನ್ ಸ್ವಿಚ್ ಆಫ್. ಮನೆಗೆ ಬಂದು ಮೂರೂ ರಸೀದಿ ತೆಗೆದು ನೋಡಿದರೆ ಒಂದರಲ್ಲೂ ವಿಶ್ವವಿದ್ಯಾಲಯದ ಹೆಸರಿಲ್ಲ, 'ಮಾರ್ಗದರ್ಶನ ಶುಲ್ಕ' ಅಂತಷ್ಟೇ ಇದೆ. ಕೊಟ್ಟ ದಿನ ಮೊತ್ತ ಸರಿ ಇದೆಯಾ ಅಂತ ನೋಡಿದ್ದೆ, ಯಾತಕ್ಕೆ ಅಂತ ಬರೆದಿದ್ದಾರೆ ಅನ್ನೋದು ನೋಡಿರಲಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದೇನೆ, ದುಡ್ಡು ಇನ್ನೂ ಬಂದಿಲ್ಲ. ಅಪ್ಪ ಒಂದೇ ಒಂದು ಮಾತೂ ಅನ್ನಲಿಲ್ಲ. ಆ ವಾರವೆಲ್ಲ ಊಟಕ್ಕೆ ಕೂತಾಗ ಅವರ ಮುಖ ನೋಡಲು ನನ್ನಿಂದ ಆಗಲಿಲ್ಲ.

ಸರಿಯಾದ ದಾರಿ ಕಣ್ಣೆದುರಿಗೇ ಇತ್ತು. ಡಿಪ್ಲೊಮಾದವರಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಪ್ರತಿ ವರ್ಷ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ನಡೆಸುತ್ತದೆ, ಪಾಸಾದರೆ ನೇರ ಮೂರನೇ ಸೆಮಿಸ್ಟರಿಗೆ ಪ್ರವೇಶ. ಕಲಬುರಗಿಯಲ್ಲಿ 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜಿದೆ, ಬೀದರ್‌ನಲ್ಲಿ, ಭಾಲ್ಕಿಯಲ್ಲಿ ಕಾಲೇಜುಗಳಿವೆ. 371(ಜೆ) ಅಡಿ ನಮ್ಮ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ನಮಗೇ. ಕೆಲಸ ಬಿಡಲು ಸಾಧ್ಯವೇ ಇಲ್ಲ ಅನ್ನುವವರು ಕೇಳಿ: ದುಡಿಯುವವರ ಸಮಯಕ್ಕೆ ಹೊಂದುವ ಬಿ.ಇ. ತರಗತಿ ನಡೆಸಲು 2023ರಿಂದ ಎಐಸಿಟಿಇಯೇ ಕೆಲವು ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ನಿಮ್ಮ ಕಾಲೇಜಿಗೆ, ನಿಮ್ಮ ಕೋರ್ಸಿಗೆ, ನೀವು ಸೇರುವ ವರ್ಷಕ್ಕೇ ಅನುಮತಿ ಇದೆಯಾ ಅಂತ ಎಐಸಿಟಿಇ ಜಾಲತಾಣದಲ್ಲಿ ನೀವೇ ಹುಡುಕಿ. ಅವರು ತೋರಿಸುವ ಜೆರಾಕ್ಸ್ ನಂಬಬೇಡಿ. ಎಎಂಐಇ (ಇಂಜಿನಿಯರುಗಳ ಸಂಸ್ಥೆ ನಡೆಸುವ ಪರೀಕ್ಷೆ) ಮಾಡಿಸ್ತೀವಿ ಅಂತಲೂ ಕೆಲವರು ಬರುತ್ತಾರೆ. ಅದು ಬಿ.ಇ.ಗೆ ಸಮ ಅಂತ ಮಾನ್ಯತೆ ಇರೋದು 2013ರ ಮೇ 31ರೊಳಗೆ ಹೆಸರು ನೋಂದಾಯಿಸಿದವರಿಗೆ ಮಾತ್ರ.

ನಾನು 2024ರಲ್ಲಿ ಡಿಸಿಇಟಿ ಬರೆದು, ಕೆಲಸ ಬಿಟ್ಟು, ಕಾಲೇಜಿಗೆ ಸೇರಿದೆ. ಗಣಿತ ಪೂರ್ತಿ ಮರೆತುಹೋಗಿತ್ತು, ನನಗಿಂತ ಎಂಟು-ಹತ್ತು ವರ್ಷ ಚಿಕ್ಕವರ ಬಳಿ ಹೇಳಿಸಿಕೊಂಡೆ. ಮಣ್ಣಿನ ಲ್ಯಾಬಿಗೆ ನಮ್ಮ ಹೊಲದ ಎರೆಮಣ್ಣನ್ನೇ ಒಯ್ದಿದ್ದೆ. ಹಿತ್ತಾಳೆ ಬಟ್ಟಲಲ್ಲಿ ಹಸಿಮಣ್ಣು ಸವರಿ, ನಡುವೆ ಗೆರೆ ಸೀಳಿ, ಹಿಡಿ ತಿರುಗಿಸುತ್ತ ಪೆಟ್ಟು ಎಣಿಸಬೇಕು. ಇಪ್ಪತ್ತೈದಕ್ಕೆ ಗೆರೆ ಮುಚ್ಚಿಕೊಳ್ಳುವಾಗ ಎಷ್ಟು ನೀರಿತ್ತೋ ಅದೇ ಆ ಮಣ್ಣಿನ ದ್ರವ ಮಿತಿ, ಅಂದರೆ ಮಣ್ಣು ದ್ರವದ ಹಾಗೆ ಹರಿಯಲು ಶುರುವಾಗುವ ಹಂತ. ಮೊದಲ ಸಲ ಹದಿನಾಲ್ಕಕ್ಕೇ ಮುಚ್ಚಿತು. ನೀರು ಹೆಚ್ಚಾಗಿತ್ತು, ಕಲಸಿ ಆರಲು ಬಿಟ್ಟು ಮತ್ತೆ ಮಾಡಿದೆ.

ಈಗಾಗಲೇ ಇಂಥ ಕಡೆ ಸೇರಿಬಿಟ್ಟವರಿಗೆ ಒಂದು ಮಾತು. ನನ್ನ ಡಿಪ್ಲೊಮಾದ ಮೂಲ ಅಂಕಪಟ್ಟಿಗಳನ್ನು ಅವರೇ ಇಟ್ಟುಕೊಂಡಿದ್ದರು. ಹಾಗೆ ಹೋದ ಎರಡು ಅಂಕಪಟ್ಟಿಯ ನಕಲು ಪ್ರತಿಗಾಗಿ ಠಾಣೆ, ನೋಟರಿ, ಬೋರ್ಡು ಅಂತ ನಾಲ್ಕು ತಿಂಗಳು ಅಲೆದೆ. ಪ್ರವೇಶದ ಹೆಸರಲ್ಲಿ ಮೂಲ ಸರ್ಟಿಫಿಕೇಟು ಇಟ್ಟುಕೊಳ್ಳುವಂತಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ಮುಂದಿನ ಕಂತು ಕೇಳಿದರೆ ಕಟ್ಟಬೇಡಿ. ನಾಳೆ ಬೆಳಿಗ್ಗೆಯೇ ಹೋಗಿ ಮೊದಲು ನಿಮ್ಮ ಮೂಲ ದಾಖಲೆ ಕೈಗೆ ಇಸಕೊಳ್ಳಿ, ಒಬ್ಬರೇ ಹೋಗಬೇಡಿ, ಮನೆಯ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ.