ಕಾಡಂಚಿನ ರೈತರಿಗೆ ‘ವೈಲ್ಡ್ ಸೇವೆ’: ಒಂದು ವಿಮರ್ಶೆ

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನಲ್ಲಿ ಜಮೀನಿರುವ ನಮ್ಮಂಥವರು, ಆನೆ ತುಳಿದ ರಾಗಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯಬೇಕಾದರೆ ಅರ್ಜಿಯೊಂದಿಗೆ ಪಹಣಿ, ಹಾನಿಯ ಛಾಯಾಚಿತ್ರ ಹಾಗೂ ಬ್ಯಾಂಕ್ ಖಾತೆಯ ವಿವರಗಳನ್ನು ಹೊಂದಿಸಬೇಕಾಗುತ್ತದೆ. ಬಂಡೀಪುರ ಮತ್ತು ನಾಗರಹೊಳೆ ಸುತ್ತಲಿನ ಹಳ್ಳಿಗಳಿಗಾಗಿ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ‘ವೈಲ್ಡ್ ಸೇವೆ’ ಈ ಹೊರೆಯನ್ನು ನಿಜವಾಗಿಯೂ ಇಳಿಸಿದೆ. ಉಚಿತ ಸಂಖ್ಯೆಗೆ ಕರೆ ಮಾಡಿದರೆ ಸಿಬ್ಬಂದಿ ಹೊಲಕ್ಕೇ ಬಂದು ಹಾನಿಯನ್ನು ದಾಖಲಿಸಿ, ಅರ್ಜಿ ಸಿದ್ಧಪಡಿಸಿ, ಇಲಾಖೆಗೆ ಸಲ್ಲಿಸಲು ನೆರವಾಗುತ್ತಾರೆ. ಇದಕ್ಕೆ ಹಣ ಪಡೆಯುವುದಿಲ್ಲ. ಓದುಬರಹ ಬಾರದ ಹಿರಿಯರಿಗೆ ಇದು ದೊಡ್ಡ ಆಸರೆ.

ಆದರೆ ಪರಿಹಾರ ಮಂಜೂರು ಮಾಡುವುದು ಇಲಾಖೆಯೇ. ಆ ಮೊತ್ತ ಬೀಜ, ಗೊಬ್ಬರ, ಕೂಲಿ, ರಾತ್ರಿ ಕಾವಲು ಇವೆಲ್ಲವನ್ನೂ ತುಂಬಿಕೊಡುವಷ್ಟಿಲ್ಲ. ಪಹಣಿ ಇನ್ನೂ ತಾತನ ಹೆಸರಿನಲ್ಲಿರುವ ಕುಟುಂಬಗಳು ಪೌತಿ ಖಾತೆ (ತೀರಿಕೊಂಡವರ ಹೆಸರಿನ ಜಮೀನು ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಿಕೊಳ್ಳುವವರೆಗೆ ತೊಡಕು ತಪ್ಪದು. ಕಾಡಿನ ಗಡಿ ಆನೆಗೆ ತಿಳಿಯದು. ಆನೆಯನ್ನು ಉಳಿಸುವ ಕೆಲಸದಲ್ಲಿ ನಮ್ಮ ಹೊಲವೂ ಪಾಲುದಾರನಾಗಿರುವಾಗ, ಸರ್ಕಾರವು ನಮ್ಮನ್ನು ಅರ್ಜಿದಾರರೆಂದಷ್ಟೇ ಕಾಣದೆ, ಸೌರಬೇಲಿಯ ನಿರ್ವಹಣೆಯಿಂದ ಹಿಡಿದು ಆನೆ ಸಂಚಾರದ ಮುನ್ಸೂಚನೆಯವರೆಗೆ ಜೊತೆಗೆ ಕೂರಿಸಿಕೊಂಡು ತೀರ್ಮಾನಿಸಬೇಕು. ನೆರೆಯ ರೈತರಿಗೆ ನಾನು ಹೇಳುವುದಿಷ್ಟು: ಹಾನಿ ಕಂಡ ಕೂಡಲೇ, ಹೆಜ್ಜೆಗುರುತು ಅಳಿಸುವ ಮುನ್ನ ಕರೆ ಮಾಡಿ.